ಸಲಿಂಗಿ ಗಂಡಸರಲ್ಲಿ ಮಾದಕ ವಸ್ತು ಬಳಕೆ: ಲಂಡನ್ನಿನ ಅನುಭವದಿಂದ ಕಲಿಯುವುದು

ಮಾದಕ ವಸ್ತು ಅಂದ ಕೂಡಲೇ ನಮ್ಮ ಕಾರ್ಯಕರ್ತರ ಕಣ್ಣಮುಂದೆ ಬರುವುದು ಕುಡಿದು ಮನೆಗೆ ಬರುವ ಗಂಡ, ಇಲ್ಲವೇ ಕಾಲೇಜಿನ ಹಿಂದೆ ಗಾಂಜಾ ಸೇದುವ ಹುಡುಗರು. ನಮ್ಮ ತರಬೇತಿಗಳೂ ಹೆಚ್ಚಾಗಿ ಇವರ ಸುತ್ತಲೇ ನಡೆಯುತ್ತವೆ. ಈ ಸಲದ ಪಾಠಕ್ಕೆ ನಾವು ಬೇರೊಂದು ಗುಂಪನ್ನು ಆರಿಸಿಕೊಂಡಿದ್ದೇವೆ: ಸಲಿಂಗಿ ಮತ್ತು ದ್ವಿಲಿಂಗಾಸಕ್ತ ಗಂಡಸರು. ನಮ್ಮ ಊರುಗಳಲ್ಲಿ ಇವರ ಬಗ್ಗೆ ಮಾತೇ ಕಡಿಮೆ, ಆಡಿದರೂ ಪಿಸುಮಾತು. ಈ ವಿಷಯದಲ್ಲಿ ಚೆನ್ನಾಗಿ ಅಧ್ಯಯನ ನಡೆದಿರುವ ಊರುಗಳಲ್ಲಿ ಲಂಡನ್ ಒಂದು. ಹಾಗಾಗಿ ಅಲ್ಲಿಂದಲೇ ಶುರು ಮಾಡೋಣ.

2013–14ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ನಡೆದ ಸರಕಾರಿ ಸಮೀಕ್ಷೆಯಲ್ಲಿ, ಹಿಂದಿನ ಒಂದು ವರ್ಷದಲ್ಲಿ ನಿಷೇಧಿತ ಮಾದಕ ವಸ್ತು ಬಳಸಿದ್ದೇವೆ ಅಂತ ಹೇಳಿದವರು ಸಲಿಂಗಿ ಮತ್ತು ದ್ವಿಲಿಂಗಾಸಕ್ತ ಗಂಡಸರಲ್ಲಿ ನೂರಕ್ಕೆ ಸುಮಾರು 33 ಮಂದಿ. ಇತರ ಗಂಡಸರಲ್ಲಿ ಸುಮಾರು 11. ಮೂರು ಪಟ್ಟು ಅಂತ ಗಾಬರಿಯಾಗುವ ಮೊದಲು ಅಂಕಿಯನ್ನು ತಿರುಗಿಸಿ ಓದಿ: 67 ಮಂದಿ ಮುಟ್ಟಿರಲಿಲ್ಲ. ಬಳಸಿದವರಲ್ಲೂ ವರ್ಷಕ್ಕೆ ಒಂದೆರಡು ಸಲ ಹಬ್ಬ, ಪಾರ್ಟಿ ಅಂತ ಬಳಸುವವರಿದ್ದಾರೆ. ವಾರ ವಾರ ಬಳಸುವವರಿದ್ದಾರೆ. ಬಿಡಲಾಗದ ಸ್ಥಿತಿಗೆ ಬಂದವರೂ ಇದ್ದಾರೆ. ಎಲ್ಲರಿಗೂ ಒಂದೇ ಹಣೆಪಟ್ಟಿ ಅಂಟಿಸಿದ್ರೆ ನೆರವು ಬೇಕಾದವನು ಯಾರು ಅಂತಲೇ ಗೊತ್ತಾಗುವುದಿಲ್ಲ.

ಯಾಕೆ ಹೆಚ್ಚು? ಇಂಗ್ಲೆಂಡಿನಲ್ಲಿ 1967ರ ತನಕ ಸಲಿಂಗ ಸಂಬಂಧ ಅಪರಾಧವಾಗಿತ್ತು. ಆಮೇಲೂ ಮನೆ, ಕೆಲಸ, ನೆರೆಕರೆ ಎಲ್ಲೂ ಬಾಯಿ ಬಿಡಲಾಗದವರಿಗೆ ತಮ್ಮಂಥವರು ಸಿಗುತ್ತಿದ್ದ ಜಾಗ ಬಾರ್ ಮತ್ತು ನೈಟ್‌ಕ್ಲಬ್. ಗೆಳೆತನ ಸಿಕ್ಕಿದ ಜಾಗದಲ್ಲೇ ಗ್ಲಾಸೂ ಇತ್ತು, ಮಾತ್ರೆಯೂ ಇತ್ತು. 1990ರ ದಶಕದಲ್ಲಿ ಅದು ಎಕ್ಸ್ಟಸಿ. 2009ರಿಂದೀಚೆಗೆ ಎರಡು ಬದಲಾವಣೆ ಒಟ್ಟಿಗೆ ಬಂದವು. ಮೆಫೆಡ್ರೋನ್ ಎಂಬ ಅಗ್ಗದ ಪುಡಿ ಹರಡಿತು. 2010ರ ಏಪ್ರಿಲಿನಲ್ಲಿ ನಿಷೇಧವಾದರೂ ಹೋಗಲಿಲ್ಲ. ಜೊತೆಗೆ ಮೊಬೈಲ್ ಆ್ಯಪ್‌ಗಳು ಬಂದವು. ಕ್ಲಬ್ಬಿನಲ್ಲಿ ನಡೆಯುತ್ತಿದ್ದುದು ಬಾಗಿಲು ಹಾಕಿದ ಮನೆಯೊಳಗೆ ಹೋಯಿತು. ಕ್ಲಬ್ಬಿನಲ್ಲಿ ಯಾರಾದರೂ ಕುಸಿದು ಬಿದ್ದರೆ ನೋಡುವವರಿದ್ದರು, ಮನೆಯಲ್ಲಿ ಯಾರಿದ್ದಾರೆ?

ಮೆಫೆಡ್ರೋನ್, ಕ್ರಿಸ್ಟಲ್ ಮೆಥ್ ಮತ್ತು ಜಿಎಚ್‌ಬಿ ಎಂಬ ದ್ರವ, ಈ ಮೂರನ್ನು ಲೈಂಗಿಕ ಸಂಪರ್ಕದ ಹೊತ್ತಿನಲ್ಲಿ ಬಳಸುವುದಕ್ಕೆ ಅಲ್ಲಿ ಕೆಮ್‌ಸೆಕ್ಸ್ ಎಂಬ ಹೆಸರು ಬಿತ್ತು. ದಕ್ಷಿಣ ಲಂಡನ್ನಿನ ಲ್ಯಾಂಬೆತ್, ಸದಕ್, ಲೂಯಿಶಮ್ ಪ್ರದೇಶಗಳ ಬಗ್ಗೆ 2014ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಸಂಶೋಧಕರು ಮೂವತ್ತು ಮಂದಿಯ ಜೊತೆ ಕೂತು ದೀರ್ಘವಾಗಿ ಮಾತಾಡಿದ್ದರು. ನಾಚಿಕೆ, ತನ್ನ ಮೈಯ ಬಗ್ಗೆ ಕೀಳರಿಮೆ, ಎಚ್‌ಐವಿ ಭಯ, ಇದೆಲ್ಲ ಸ್ವಲ್ಪ ಹೊತ್ತು ಮರೆತು ಧೈರ್ಯ ಬರುತ್ತದೆ ಎಂಬ ಅರ್ಥದ ಮಾತುಗಳು ಅದರಲ್ಲಿ ಮತ್ತೆ ಮತ್ತೆ ಬರುತ್ತವೆ. ಒಬ್ಬ ಸಂಗಾತಿಯ ಜೊತೆ ಆತ್ಮೀಯ ಬಾಳು ಬೇಕು ಅಂದವರೂ ಹಲವರು. ಆಪ್ತ ಸಮಾಲೋಚಕರು ಈ ಮಾತನ್ನು ಗುರುತು ಹಾಕಿಕೊಳ್ಳಬೇಕು. ಮಾದಕ ವಸ್ತುವಿನ ಬಗ್ಗೆಯಷ್ಟೇ ಕೇಳಿದ್ರೆ ಒಂಟಿತನದ ಮಾತು ಹೊರಗೆ ಬರೋದಿಲ್ಲ.

ಮೂರರಲ್ಲಿ ಜಿಎಚ್‌ಬಿಯದ್ದೇ ಹೆಚ್ಚು ಭಯ. ಅಮಲಿಗೂ ಪ್ರಜ್ಞೆ ತಪ್ಪುವುದಕ್ಕೂ ನಡುವಿನ ಅಂತರ ಬಹಳ ಸಣ್ಣದು. ಮದ್ಯದ ಜೊತೆ ಸೇರಿದರೆ ಉಸಿರು ನಿಲ್ಲಬಹುದು. ಗೊರಕೆ ಹೊಡೀತಾ ಇದ್ದಾನೆ, ಮಲಗಲಿ ಅಂತ ಬಿಟ್ಟವರು ಬೆಳಿಗ್ಗೆ ನೋಡುವಾಗ ಜೀವ ಹೋಗಿರುವುದುಂಟು. ಪೊಲೀಸರು ಬರ್ತಾರೆ, ಗುಟ್ಟು ಬಯಲಾಗುತ್ತದೆ ಎಂಬ ಹೆದರಿಕೆಗೆ ಆಂಬುಲೆನ್ಸ್ ಕರೆಯಲು ತಡ ಮಾಡುವುದು ಇಲ್ಲಿಯ ದೊಡ್ಡ ಅಪಾಯ.

ಇವರು ನೆರವಿಗೆ ಹೋಗುವುದಾದರೂ ಎಲ್ಲಿಗೆ? ವ್ಯಸನ ಕೇಂದ್ರಗಳಿಗೆ ಹೆರಾಯಿನ್, ಮದ್ಯ ಗೊತ್ತಿತ್ತು, ಈ ಬದುಕು ಗೊತ್ತಿರಲಿಲ್ಲ. ಗುಪ್ತರೋಗದ ಕ್ಲಿನಿಕ್ಕುಗಳಲ್ಲಿ ಮಾದಕ ವಸ್ತುವಿನ ಪ್ರಶ್ನೆಯೇ ಇರುತ್ತಿರಲಿಲ್ಲ. ಸೋಹೋ ಪ್ರದೇಶದ 56 ಡೀನ್ ಸ್ಟ್ರೀಟ್ ಕ್ಲಿನಿಕ್ಕಿನಲ್ಲಿ ಎರಡನ್ನೂ ಒಂದೇ ಕಡೆ ತಂದರು. ಎಚ್‌ಐವಿ ಪರೀಕ್ಷೆಗೆ ಬಂದವನ ಜೊತೆ ಅಲ್ಲೇ ಕೂತು ಮಾದಕ ವಸ್ತುವಿನ ಮಾತೂ ಆಡುತ್ತಿದ್ದರು.

ಇನ್ನು ನಮ್ಮ ದೇಶದ ಮಾತು. ಮೆಫೆಡ್ರೋನ್ 2015ರಲ್ಲಿ ಎನ್‌ಡಿಪಿಎಸ್ ಕಾಯಿದೆಯ ಪಟ್ಟಿಗೆ ಸೇರಿತು. ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಅಂತ ಸುಪ್ರೀಂ ಕೋರ್ಟು 2018ರ ಸೆಪ್ಟೆಂಬರ್ 6ರಂದು ತೀರ್ಪು ಕೊಟ್ಟಿತು. ತೀರ್ಪು ಬಂದ ಮಾತ್ರಕ್ಕೆ ಮನೆಯೊಳಗಿನ ಹೆದರಿಕೆ ಹೋಗುವುದಿಲ್ಲ, ಅದು ನಮಗೆಲ್ಲ ಗೊತ್ತಿದ್ದದ್ದೇ. ಕೇಂದ್ರಕ್ಕೆ ಬಂದ ಯುವಕನಿಗೆ ನಾವು ಕೇಳುವ ಮೊದಲ ಪ್ರಶ್ನೆ "ಮದುವೆ ಆಗಿದೆಯಾ? ಯಾಕೆ ಆಗಿಲ್ಲ?" ಅಂತಾದ್ರೆ ಅವನು ಅರ್ಧ ಸತ್ಯ ಹೇಳಿ ಎದ್ದು ಹೋಗ್ತಾನೆ. "ಮನೆಯಲ್ಲಿ ಯಾರ್ಯಾರಿದ್ದೀರಿ, ಕಷ್ಟ ಬಂದ್ರೆ ಯಾರಿಗೆ ಹೇಳ್ತೀರಿ?" ಅಂತ ಕೇಳಿ ನೋಡಿ. ಅವನು ಹೇಳಿದ್ದು ಅವನ ಅಪ್ಪ ಅಮ್ಮನಿಗಾಗಲಿ, ಊರಿನ ಹಿರಿಯರಿಗಾಗಲಿ ನಮ್ಮ ಬಾಯಿಂದ ತಲುಪಬಾರದು.

ಇನ್ನೊಂದು ಮುಖ್ಯ ಎಚ್ಚರಿಕೆ. ದಿನವೂ ಜಿಎಚ್‌ಬಿ ತೆಗೆದುಕೊಳ್ಳುವವನಿಗೆ "ಇವತ್ತಿಂದಲೇ ಬಿಟ್ಟುಬಿಡು" ಅಂತ ಹೇಳಬೇಡಿ. ಒಮ್ಮೆಲೇ ನಿಲ್ಲಿಸಿದರೆ ನಡುಕ, ಭ್ರಮೆ ಬಂದು ಪ್ರಾಣಕ್ಕೇ ಅಪಾಯವಾಗಬಹುದು. ವೈದ್ಯರ ಕಣ್ಣೆದುರೇ ಬಿಡಿಸಬೇಕು. ಪ್ರಜ್ಞೆ ತಪ್ಪಿದವನನ್ನು ಒಂದು ಮಗ್ಗುಲಿಗೆ ಮಲಗಿಸಿ 108ಕ್ಕೆ ಫೋನ್ ಮಾಡಿ, ಆಂಬುಲೆನ್ಸ್ ಬರುವ ತನಕ ಅವನ ಪಕ್ಕದಲ್ಲೇ ಇರಿ.