ಭಯವಿದ್ದರೆ ತಪ್ಪಲ್ಲ, ಅದನ್ನು ಪ್ರಶ್ನೆಯಾಗಿ ಕೇಳಿ

ಪ್ರಶ್ನೆ: ನನಗೆ 47 ವರ್ಷ. ಎರಡೂ ಹೆರಿಗೆ ನಾರ್ಮಲ್. ಕೆಲವು ವರ್ಷಗಳಿಂದ ಕೆಮ್ಮಿದರೆ, ಸೀನಿದರೆ, ಕೊಡ ಎತ್ತಿದರೆ ಮೂತ್ರ ಸೋರುತ್ತದೆ. ಮದುವೆಗೆ ಹೋದರೆ ಬಾಗಿಲ ಹತ್ತಿರವೇ ಕೂರುತ್ತೇನೆ. ಬ್ಯಾಗಿನಲ್ಲಿ ಇನ್ನೊಂದು ಲಂಗ ಇಲ್ಲದೆ ಮನೆ ಬಿಡುವುದಿಲ್ಲ. ವೈದ್ಯರು ಸ್ಲಿಂಗ್ ಆಪರೇಷನ್ ಹೇಳಿದ್ದಾರೆ. ಅದರಲ್ಲಿ ಹಾಕುವ ಬಲೆಯಿಂದ ವಿದೇಶದಲ್ಲಿ ಹೆಂಗಸರಿಗೆ ತೊಂದರೆಯಾಗಿದೆ ಎಂದು ಮಗಳು ಓದಿ ಹೇಳಿದಳು. ‘ವಯಸ್ಸಾದ ಮೇಲೆ ಇದ್ದದ್ದೇ, ಸುಮ್ಮನಿರು’ ಎನ್ನುತ್ತಾಳೆ ಅಕ್ಕ. ಗಂಡನಿಗೆ ಇನ್ನೂ ಹೇಳಿಲ್ಲ. ಏನು ಮಾಡಲಿ?
– ಹೆಸರು ಬೇಡ, ದಾವಣಗೆರೆ

ಉತ್ತರ: ಇಷ್ಟು ವರ್ಷ ಒಳಗೇ ನುಂಗಿಕೊಂಡಿದ್ದನ್ನು ಇಂದು ಬರೆದಿದ್ದೀರಿ. ಅದಕ್ಕೆ ಧೈರ್ಯ ಬೇಕು. ಎಲ್ಲಿ ಕೂರಬೇಕು, ಎಷ್ಟು ನೀರು ಕುಡಿಯಬೇಕು, ಯಾವ ಬಣ್ಣದ ಸೀರೆ ಉಡಬೇಕು ಎಂದು ದಿನವಿಡೀ ಲೆಕ್ಕ ಹಾಕುವುದು ಎಷ್ಟು ದಣಿವಿನ ಕೆಲಸ ಎಂಬುದು ಅನುಭವಿಸಿದವರಿಗೇ ಗೊತ್ತು. ಇದನ್ನು ಓದುತ್ತಿರುವ ಎಷ್ಟೋ ಹೆಂಗಸರು ಇದೇ ಲೆಕ್ಕದಲ್ಲಿ ಬದುಕುತ್ತಿದ್ದಾರೆ.

ಇದು ನಿಮ್ಮ ತಪ್ಪಲ್ಲ, ಕೊಳಕೂ ಅಲ್ಲ. ಹೆರಿಗೆಯಲ್ಲಿ ಮೂತ್ರನಾಳಕ್ಕೆ ಆಸರೆಯಾದ ಸ್ನಾಯುಗಳು ಸಡಿಲವಾಗುತ್ತವೆ. ಮುಟ್ಟು ನಿಲ್ಲುವ ವಯಸ್ಸು, ತೂಕ, ಹಳೆಯ ಕೆಮ್ಮು, ಮಲಬದ್ಧತೆ ಅದಕ್ಕೆ ಜೊತೆಗೂಡುತ್ತವೆ. ಅಕ್ಕ ಹೇಳಿದ್ದು ಪ್ರೀತಿಯಿಂದಲೇ. ಆದರೆ ಇದು ಬಹಳ ಮಂದಿಗೆ ಬರುತ್ತದೆ ಎಂದ ಮಾತ್ರಕ್ಕೆ ಸಹಿಸಿಕೊಂಡೇ ಇರಬೇಕಾಗಿಲ್ಲ. ಇದಕ್ಕೆ ಚಿಕಿತ್ಸೆಯಿದೆ.

ಈಗ ನಿಮ್ಮ ಭಯದ ವಿಷಯ. ಸ್ಲಿಂಗ್ ಎಂದರೆ ಮೂತ್ರನಾಳದ ಕೆಳಗೆ ಜೋಲಿಯಂತೆ ಆಸರೆ ಕೊಡುವ ಸಣ್ಣ ಪಟ್ಟಿ. ಇಂದು ಹೆಚ್ಚಾಗಿ ಬಳಸುವ ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ ಬಲೆಯ ಟೇಪಿನ ವಿಧಾನವನ್ನು 1990ರ ದಶಕದಲ್ಲಿ ಸ್ವೀಡನ್ನಿನ ಉಲ್ಫ್ ಉಲ್ಮ್‌ಸ್ಟೆನ್ ರೂಪಿಸಿದರು. ಇದರಿಂದ ಬಹುಪಾಲು ಹೆಂಗಸರಿಗೆ ಸೋರಿಕೆ ನಿಂತಿದೆ ಅಥವಾ ತುಂಬ ಕಡಿಮೆಯಾಗಿದೆ. ನಿಮ್ಮ ಮಗಳು ಓದಿದ್ದೂ ನಿಜ. ಕೆಲವರಿಗೆ ಟೇಪು ಯೋನಿಯ ಒಳಪದರ ಕೊರೆದು ಹೊರಬರಬಹುದು, ನೋವು ಉಳಿಯಬಹುದು, ಮೂತ್ರ ಪೂರ್ತಿ ಹೋಗದಿರಬಹುದು. ಟೇಪನ್ನು ಮತ್ತೆ ತೆಗೆಯುವುದೂ ಸುಲಭವಲ್ಲ. ಇಂಗ್ಲೆಂಡಿನಲ್ಲಿ 2018ರಲ್ಲಿ ಇದರ ಬಳಕೆಯನ್ನು ತಡೆಹಿಡಿದರು. ನೊಂದ ಹೆಂಗಸರ ಮಾತಿಗೆ ಸರಿಯಾಗಿ ಕಿವಿಗೊಡಲಿಲ್ಲ ಎಂದು 2020ರಲ್ಲಿ ಅಲ್ಲಿನ ವರದಿ ಹೇಳಿತು. ಹಾಗಾಗಿ ನಿಮ್ಮ ಭಯವನ್ನು ಅದುಮಿಡಬೇಡಿ. ಪ್ರಶ್ನೆಯಾಗಿ ವೈದ್ಯರ ಮುಂದಿಡಿ. ಅವಸರವಿಲ್ಲ. ಇದು ಜೀವಕ್ಕೆ ಅಪಾಯ ತರುವ ಕಾಯಿಲೆಯಲ್ಲ, ಯೋಚಿಸಲು ನಿಮಗೆ ಸಮಯವಿದೆ.

ಮೊದಲು ಮೂರು ದಿನ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ: ಎಷ್ಟು ನೀರು, ಟೀ ಕುಡಿದಿರಿ, ಎಷ್ಟು ಸಲ ಮೂತ್ರಕ್ಕೆ ಹೋದಿರಿ, ಏನು ಮಾಡುವಾಗ ಸೋರಿತು. ಕೆಮ್ಮು, ಭಾರದಿಂದ ಸೋರುವುದು ಒಂದು ಬಗೆ. ತಡೆಯಲಾಗದ ಅವಸರ ಬಂದು ಬಚ್ಚಲು ಮುಟ್ಟುವ ಮೊದಲೇ ಆಗಿಹೋಗುವುದು ಇನ್ನೊಂದು ಬಗೆ. ಸ್ಲಿಂಗ್ ಇರುವುದು ಮೊದಲನೆಯದಕ್ಕೆ. ಮೂತ್ರದ ಸೋಂಕು, ಸಕ್ಕರೆ ಕಾಯಿಲೆ ಇಲ್ಲವೆಂಬುದೂ ಖಚಿತವಾಗಲಿ. ಸೋರೀತೆಂದು ನೀರು ಕುಡಿಯುವುದನ್ನು ಬಿಡಬೇಡಿ.

ಎರಡನೆಯದು ವ್ಯಾಯಾಮ. ಗಾಳಿ, ಮೂತ್ರ ಎರಡನ್ನೂ ತಡೆಹಿಡಿಯುವಂತೆ ಕೆಳಗಿನ ಸ್ನಾಯುಗಳನ್ನು ಒಳಕ್ಕೆ ಬಿಗಿಹಿಡಿದು, ಕೆಲವು ಕ್ಷಣ ಬಿಟ್ಟು ಸಡಿಲಿಸಿ. ಉಸಿರು ಕಟ್ಟಬೇಡಿ. ಒಮ್ಮೆಗೆ 8 ಸಲದಂತೆ ದಿನಕ್ಕೆ 3 ಹೊತ್ತು, ಕನಿಷ್ಠ 3 ತಿಂಗಳು ಮಾಡಿ. ಫಿಸಿಯೋಥೆರಪಿಸ್ಟ್ ಹತ್ತಿರ ಕಲಿತರೆ ಇನ್ನೂ ಒಳ್ಳೆಯದು. ಎಷ್ಟೋ ಮಂದಿಗೆ ಇದರಲ್ಲೇ ಗುಣ ಕಾಣುತ್ತದೆ.

ಮೂರನೆಯದು, ಆಪರೇಷನ್ ಬೇಕೆನಿಸಿದರೆ ಒಪ್ಪಿಗೆಗೆ ಸಹಿ ಹಾಕುವ ಮೊದಲು ಕೇಳಿ: ಹಾಕುವುದು ಟೇಪೋ, ನನ್ನದೇ ಹೊಟ್ಟೆಯ ಅಂಗಾಂಶದ ಪಟ್ಟಿಯೋ? ನೀವು ಇಂಥ ಎಷ್ಟು ಆಪರೇಷನ್ ಮಾಡಿದ್ದೀರಿ? ತೊಂದರೆಯಾದರೆ ಯಾರು ನೋಡುತ್ತಾರೆ? ಭಾರ ಎತ್ತದೆ ಎಷ್ಟು ದಿನ ಇರಬೇಕು? ಸಮಾಧಾನವಾಗದಿದ್ದರೆ ಮೂತ್ರರೋಗ ತಜ್ಞರ ಎರಡನೇ ಅಭಿಪ್ರಾಯ ಪಡೆಯಿರಿ. ಒಳ್ಳೆಯ ವೈದ್ಯರು ಅದಕ್ಕೆ ಬೇಸರಿಸುವುದಿಲ್ಲ. ಮೂತ್ರದಲ್ಲಿ ರಕ್ತ ಕಂಡರೆ ಮಾತ್ರ ತಡಮಾಡಬೇಡಿ.

ಗಂಡನಿಗೆ ಹೇಳಿ. ‘ನನಗೊಂದು ತೊಂದರೆಯಿದೆ, ಡಾಕ್ಟರ ಹತ್ತಿರ ಜೊತೆಗೆ ಬನ್ನಿ’ ಎಂಬಷ್ಟು ಸಾಕು. ಆಪರೇಷನ್ ಆದರೆ ಕೆಲವು ವಾರ ಕೊಡ ಎತ್ತುವವರು, ಮನೆ ನೋಡುವವರು ಬೇಕು. ಸ್ವಲ್ಪ ಕಾಲ ದಾಂಪತ್ಯದಲ್ಲಿ ಅಂತರವೂ ಬೇಕು. ಅವರಿಗೆ ತಿಳಿಯದೆ ಇದು ನಡೆಯುವಂಥದ್ದಲ್ಲ. ಯಾರೊಂದಿಗೂ ಬೆರೆಯಲಾಗದಷ್ಟು ಮನಸ್ಸು ಕುಗ್ಗಿದ್ದರೆ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಆಪರೇಷನ್ ಮಾಡಿಸಿಕೊಂಡರೂ ಸರಿ, ಬೇಡವೆಂದರೂ ಸರಿ. ವಿಷಯ ತಿಳಿದು, ಕೇಳಬೇಕಾದ್ದನ್ನು ಕೇಳಿ ನೀವೇ ತೀರ್ಮಾನಿಸಿ. ನಾಚಿಕೆಯಿಂದ ಸುಮ್ಮನಿರುವುದು ಮಾತ್ರ ಬೇಡ.