ಚೆಲುವೆ ಪುಡಿಯಿಂದ ಬಚ್ಚಲುಮನೆಗೆ: ಒಂದು ಬೋಧನಾಭ್ಯಾಸ ಪಾಠ

ಬೋಧನಾಭ್ಯಾಸದ ಅವಧಿಯಲ್ಲಿ ಮಾರತ್ತಹಳ್ಳಿಯ ಪ್ರೌಢಶಾಲೆಯೊಂದರ ಹತ್ತನೇ ತರಗತಿಗೆ ‘ಆಮ್ಲಗಳು, ಪ್ರತ್ಯಾಮ್ಲಗಳು ಮತ್ತು ಲವಣಗಳು’ ಘಟಕವನ್ನು ಬೋಧಿಸಿದೆ. ಮನೆ ಶುಚಿಗೊಳಿಸುವ ವಸ್ತುಗಳ ಅಪಾಯವನ್ನು ವಿದ್ಯಾರ್ಥಿಗಳು ಕಾರಣಸಹಿತ ವಿವರಿಸಬೇಕೆಂಬುದು ಪಾಠದ ಉದ್ದೇಶವಾಗಿತ್ತು.

ಪೀಠಿಕೆ: ಹತ್ತಿರದ ಬೆಳ್ಳಂದೂರು ಕೆರೆಯ ನೊರೆಗೆ 2015ರ ಮೇ ತಿಂಗಳಲ್ಲಿ ಬೆಂಕಿ ಹತ್ತಿದ್ದನ್ನು ನೆನಪಿಸಿ, ‘ಸೋಪಿನ ನೊರೆ ಉರಿಯುತ್ತದೆಯೇ?’ ಎಂದು ಕೇಳಿದೆ. ನೀರು, ಸೋಪು, ಗಾಳಿ ಇಷ್ಟೇ ಇದ್ದರೆ ಉರಿಯದು. ಎಣ್ಣೆಯೋ ಕೊಳಚೆಯ ಮೀಥೇನ್ ಅನಿಲವೋ ಸೇರಿರಬೇಕು. ‘ಯಾವುದರ ಜೊತೆ ಯಾವುದು ಸೇರಿತು?’ ಎಂಬ ಪ್ರಶ್ನೆ ಮುಂದಿನ ಪಾಠಕ್ಕೆ ದಾರಿಯಾಯಿತು.

ವಿಷಯ ನಿರೂಪಣೆ: ಪಠ್ಯದ ‘ಚೆಲುವೆ ಪುಡಿ’ಯೇ ಮನೆಯ ಬ್ಲೀಚಿಂಗ್ ಪೌಡರ್ ಎಂಬುದು ಹೆಚ್ಚಿನವರಿಗೆ ಹೊಸ ಸಂಗತಿ. ಟಾಯ್ಲೆಟ್ ಕ್ಲೀನರ್‌ಗಳಲ್ಲಿ ಸಾಮಾನ್ಯವಾಗಿ ಹೈಡ್ರೋಕ್ಲೋರಿಕ್ ಆಮ್ಲವಿರುತ್ತದೆ. ಎರಡೂ ಸೇರಿದರೆ ಕ್ಲೋರಿನ್ ಅನಿಲ ಹೊರಬರುತ್ತದೆ. ಆಗ ಒಬ್ಬ ಹುಡುಗಿ, ‘ನಮ್ಮಮ್ಮ ಅಪಾರ್ಟ್‌ಮೆಂಟಲ್ಲಿ ಎರಡನ್ನೂ ಒಟ್ಟಿಗೇ ಹಾಕಿ ತೊಳೀತಾರೆ ಮಿಸ್, ಕೆಮ್ಮು ಬರುತ್ತೆ ಅಂತಾರೆ’ ಎಂದಳು. ತರಗತಿ ಸ್ತಬ್ಧವಾಯಿತು. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ಕುಳಿತು ಉಜ್ಜುವವರ ಮುಖದ ಮಟ್ಟದಲ್ಲೇ ಅದು ನಿಲ್ಲುತ್ತದೆ ಎಂದು ವಿವರಿಸಿದೆ. ಘಾಟು ಬಂದ ಕೂಡಲೇ ಕೆಲಸ ಬಿಟ್ಟು ಹೊರಗೆ ಬರಬೇಕು, ಉಸಿರಾಟಕ್ಕೆ ತೊಂದರೆಯಾದರೆ ಆಸ್ಪತ್ರೆಗೆ ಹೋಗಬೇಕು ಎಂದು ಕಪ್ಪುಹಲಗೆಯ ಮೇಲೆ ಬರೆಸಿದೆ.

ಬೆಂಕಿಯ ಅಪಾಯಕ್ಕೆ ಸ್ಯಾನಿಟೈಸರ್ ಉದಾಹರಣೆ. ಶೇ 70ರಷ್ಟು ಆಲ್ಕೋಹಾಲ್ ಇರುವ ದ್ರವದ ಆವಿ ಸುಮಾರು 17 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕಿಡಿ ಸೋಕಿದರೆ ಹೊತ್ತಿಕೊಳ್ಳಬಲ್ಲದು. ನಮ್ಮ ಅಡುಗೆಮನೆಗಳು ಸಾಮಾನ್ಯವಾಗಿ ಅದಕ್ಕಿಂತ ಬೆಚ್ಚಗಿರುತ್ತವೆ. ಹಗಲು ಬೆಳಕಿನಲ್ಲಿ ಆ ಜ್ವಾಲೆ ಸರಿಯಾಗಿ ಕಾಣುವುದೂ ಇಲ್ಲ.

ಬೋಧನೋಪಕರಣ: ಈ ಪಾಠಕ್ಕೆ ಪ್ರಾತ್ಯಕ್ಷಿಕೆ ಸಲ್ಲದು, ತರಗತಿಗೆ ಸೀಸೆಗಳನ್ನು ತರಿಸಲೂಬಾರದು. ವಸ್ತುಗಳ ಹೆಸರು ಬರೆದ ರಟ್ಟಿನ ಚೀಟಿಗಳನ್ನು ಜೋಡಿಸಿ, ‘ಸೇರಿಸಬಹುದೇ?’ ಎಂದು ಗುಂಪುಗಳಲ್ಲಿ ಚರ್ಚಿಸಿದೆವು.

ಮನೆಗೆಲಸ ಮತ್ತು ಮೌಲ್ಯಮಾಪನ: ದೊಡ್ಡವರ ಜೊತೆಗೂಡಿ ಲೇಬಲ್ ಓದಿ, ಎಚ್ಚರಿಕೆಯನ್ನು ಕನ್ನಡದಲ್ಲಿ ಬರೆದು ತರಲು ಹೇಳಿದೆ. ಹೆಚ್ಚಿನ ಎಚ್ಚರಿಕೆಗಳು ಇಂಗ್ಲಿಷಿನಲ್ಲೇ ಇದ್ದವು. ಆ ಸೀಸೆ ಹಿಡಿಯುವ ತಾಯಂದಿರಲ್ಲಿ ಹಲವರಿಗೆ ಇಂಗ್ಲಿಷ್ ಬಾರದು. ಆ ಹುಡುಗಿ ಬರೆದ ಚೀಟಿಯಲ್ಲಿ ಒಂದೇ ಸಾಲಿತ್ತು: ‘ಅಮ್ಮಾ, ಒಂದು ಹಾಕಿದ ಮೇಲೆ ಚೆನ್ನಾಗಿ ನೀರು ಬಿಡು, ಇನ್ನೊಂದನ್ನು ಬೇರೆ ದಿನ ಹಾಕು.’

ಸಮೀಕರಣ ಸರಿದೂಗಿಸುವುದಕ್ಕೆ ಅಂಕ ಕೊಡುವ ನಾವು ಇಂಥ ಸಾಲಿಗೂ ಅಂಕ ಮೀಸಲಿಡಬೇಕು. ಈ ಘಟಕದ ಪಾಠಯೋಜನೆ ಬರೆಯುವ ಪ್ರಶಿಕ್ಷಣಾರ್ಥಿಗಳು ಅದನ್ನು ಮೌಲ್ಯಮಾಪನದ ಕಲಂನಲ್ಲೇ ಸೇರಿಸಿಕೊಳ್ಳಲಿ.