ಟ್ರಸ್ಟ್ ಆಸ್ಪತ್ರೆಯ ಉಚಿತ ಹಾಸಿಗೆ: ಕೇಳುವುದು ಹೇಗೆ, ಕೇಳಿಸುವುದು ಹೇಗೆ

ಮುಂಬಯಿಯ ಜಸ್‌ಲೋಕ್, ಲೀಲಾವತಿ, ಹಿಂದೂಜಾ, ಬಾಂಬೆ ಹಾಸ್ಪಿಟಲ್ ಎಂದರೆ ನಮ್ಮವರಿಗೆ ಮೊದಲು ನೆನಪಾಗುವುದು ಸಿನಿಮಾ ನಟರು ಮತ್ತು ಮಂತ್ರಿಗಳು. ಸರ್ಕಾರದ ಕಡತದಲ್ಲಿ ಮಾತ್ರ ಇವೆಲ್ಲ ಸಾರ್ವಜನಿಕ ಟ್ರಸ್ಟುಗಳು ನಡೆಸುವ ಧರ್ಮಾದಾಯ ಆಸ್ಪತ್ರೆಗಳು. ಮಹಾರಾಷ್ಟ್ರದಲ್ಲಿ ಇಂಥವು ನಾನೂರಕ್ಕೂ ಹೆಚ್ಚಿವೆ. ಇಲ್ಲಿನ ಪ್ರತಿ ನೂರು ಹಾಸಿಗೆಗಳಲ್ಲಿ ಹತ್ತು ಬಡರೋಗಿಗಳಿಗೆ ಉಚಿತ, ಇನ್ನು ಹತ್ತು ಕಡಿಮೆ ವರಮಾನದವರಿಗೆ ರಿಯಾಯಿತಿ ದರದಲ್ಲಿ ಮೀಸಲು. ಅಂಧೇರಿಯ ಹೋಟೆಲಿನಲ್ಲಿ ತಟ್ಟೆ ಎತ್ತುವ ಕುಂದಾಪುರದ ಹುಡುಗನಿಗೂ ಠಾಣೆಯಲ್ಲಿ ಗಾರೆ ಕೆಲಸಕ್ಕೆ ಬಂದ ಕಲಬುರಗಿಯ ಕುಟುಂಬಕ್ಕೂ ಈ ವಿಷಯ ಗೊತ್ತಿರುವುದು ಅಪರೂಪ. ಗೊತ್ತಿದ್ದವರು ಯಾರಾದರೂ ಪಕ್ಕದಲ್ಲಿ ನಿಂತರೆ ಕೆಲಸ ಆಗುತ್ತದೆ, ಇಲ್ಲದಿದ್ದರೆ ಒಡವೆ ಅಡ ಇಡುವುದೇ ಗತಿ. ಹಾಗೆ ಪಕ್ಕದಲ್ಲಿ ನಿಲ್ಲಬೇಕೆಂದಿರುವ ಕನ್ನಡ ಸಂಘದವರು, ಕಾಲೇಜು ಹುಡುಗರು, ನಿವೃತ್ತ ನೌಕರರು ತಿಳಿದಿರಬೇಕಾದ ಕಾನೂನು ಇಷ್ಟು.

ಮೊದಲು ಒಂದು ಅಳುಕು ಬಿಡಬೇಕು. ಉಚಿತ ಹಾಸಿಗೆ ಕೇಳುವುದೆಂದರೆ ಕೈಚಾಚುವುದು ಎಂದು ರೋಗಿಯ ಕಡೆಯವರು ಕುಗ್ಗಿರುತ್ತಾರೆ, ಸ್ವಯಂಸೇವಕರೂ ಎಷ್ಟೋ ಸಲ ಶಿಫಾರಸಿನ ಧಾಟಿಯಲ್ಲೇ ಮಾತಾಡುತ್ತಾರೆ. ಈ ಟ್ರಸ್ಟುಗಳಲ್ಲಿ ಹಲವು ಸರ್ಕಾರದಿಂದ ರಿಯಾಯಿತಿಯಲ್ಲಿ ಜಾಗ ಪಡೆದಿವೆ, ಹೆಚ್ಚುವರಿ ಮಹಡಿ ಕಟ್ಟಲು ಅನುಮತಿ ಪಡೆದಿವೆ. ದಾನಧರ್ಮದ ಹೆಸರಿನಲ್ಲಿ ಆದಾಯ ತೆರಿಗೆಯ ವಿನಾಯಿತಿಯೂ ಇದೆ. ಆ ಹಾಸಿಗೆಯ ದುಡ್ಡು ಸಾರ್ವಜನಿಕರ ಬೊಕ್ಕಸದಿಂದ ಆಗಲೇ ಸಂದಾಯವಾಗಿದೆ. ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಕೌಂಟರಿಗೆ ಹೋದರೆ ಮಾತಿನ ದನಿಯೇ ಬೇರೆಯಾಗುತ್ತದೆ.

ಈ ಉಚಿತ ಹಾಸಿಗೆಗೆ ಆಧಾರ 1950ರ ಮಹಾರಾಷ್ಟ್ರ ಸಾರ್ವಜನಿಕ ಟ್ರಸ್ಟ್ ಕಾಯ್ದೆಯ (ಹಿಂದೆ ಇದು ಬಾಂಬೆ ಸಾರ್ವಜನಿಕ ಟ್ರಸ್ಟ್ ಕಾಯ್ದೆ) 41ಎಎ ಕಲಂ. ಕಲಂ ಪುಸ್ತಕದಲ್ಲಿ ಬಹಳ ವರ್ಷ ಸುಮ್ಮನೆ ಇತ್ತು. ಸಾರ್ವಜನಿಕ ಹಿತಾಸಕ್ತಿ ಅರ್ಜಿಯೊಂದು ಮುಂಬಯಿ ಹೈಕೋರ್ಟಿನ ಮುಂದೆ ಬಂದ ಮೇಲೆ, 2006ರ ಆಗಸ್ಟ್‌ನಲ್ಲಿ ನ್ಯಾಯಾಲಯ ಒಂದು ವಿವರವಾದ ಯೋಜನೆಯನ್ನೇ ಮಂಜೂರು ಮಾಡಿತು. ಪ್ರತಿ ಆಸ್ಪತ್ರೆ ಹಣ ಕೊಡುವ ರೋಗಿಗಳ ಒಟ್ಟು ಬಿಲ್ಲಿನಲ್ಲಿ ಶೇ. 2ರಷ್ಟನ್ನು ‘ಬಡರೋಗಿಗಳ ನಿಧಿ’ ಎಂಬ ಬೇರೆ ಖಾತೆಗೆ ಹಾಕಬೇಕು. ಬಡರೋಗಿಯ ಔಷಧಿ, ಪರೀಕ್ಷೆ, ಸ್ಟೆಂಟು, ರಾಡು ಮುಂತಾದವುಗಳ ಖರ್ಚು ಆ ಖಾತೆಯಿಂದ ಹೋಗುತ್ತದೆ. ಹಾಸಿಗೆ, ನರ್ಸಿಂಗ್, ನೀರು, ವಿದ್ಯುತ್, ಸಾಮಾನ್ಯ ತಪಾಸಣೆಗಳಿಗೆ ಬಿಲ್ಲೇ ಇಲ್ಲ. ರಿಯಾಯಿತಿ ವರ್ಗದವರು ಔಷಧಿ ಮತ್ತು ಸಾಮಗ್ರಿಗಳ ಖರ್ಚಿನಲ್ಲಿ ಅರ್ಧದಷ್ಟನ್ನು ತಾವೇ ಕೊಡಬೇಕು. ವಾರ್ಷಿಕ ವರಮಾನದ ಮಿತಿಯನ್ನು ಆಗಾಗ ಏರಿಸುತ್ತ ಬಂದಿದ್ದಾರೆ. ಈಚಿನ ಲೆಕ್ಕದಲ್ಲಿ 1.80 ಲಕ್ಷ ರೂಪಾಯಿಯವರೆಗೆ ಬಡರೋಗಿ, 3.60 ಲಕ್ಷದವರೆಗೆ ರಿಯಾಯಿತಿ ವರ್ಗ. ಹೊರಡುವ ಮುನ್ನ ಧರ್ಮಾದಾಯ ಆಯುಕ್ತರ ಕಚೇರಿಯಲ್ಲಿ ಇವತ್ತಿನ ಮಿತಿ ವಿಚಾರಿಸಿಕೊಳ್ಳಿ. ಹಳೆಯ ಅಂಕಿ ಹಿಡಿದುಕೊಂಡು ವಾದಕ್ಕೆ ನಿಂತರೆ ಇಡೀ ಅರ್ಜಿಯೇ ಅನುಮಾನಕ್ಕೆ ಬೀಳುತ್ತದೆ.

ಆಸ್ಪತ್ರೆಯಲ್ಲಿ ಹೋಗಬೇಕಾದದ್ದು ಬಿಲ್ಲಿಂಗ್ ಕೌಂಟರಿಗಲ್ಲ. ಅಲ್ಲಿ ಕುಳಿತವರ ಕೆಲಸ ಡಿಪಾಸಿಟ್ ಕಟ್ಟಿಸಿಕೊಳ್ಳುವುದು. ಈ ಹಾಸಿಗೆಗಳ ಕಾಗದಪತ್ರ ನೋಡುವವರು ವೈದ್ಯಕೀಯ ಸಮಾಜ ಕಾರ್ಯಕರ್ತರು. ಅವರ ಕೋಣೆ ಎಲ್ಲಿದೆ ಎಂದು ನೇರವಾಗಿ ಕೇಳಿ. ಕೈಯಲ್ಲಿ ತಹಶೀಲ್ದಾರರ ಆದಾಯ ಪ್ರಮಾಣಪತ್ರ ಅಥವಾ ರೇಷನ್ ಕಾರ್ಡ್, ವೈದ್ಯರ ಚೀಟಿ, ಅಂದಾಜು ಖರ್ಚಿನ ಪಟ್ಟಿ ಇರಬೇಕು. ವಲಸೆ ಬಂದವರ ಕಷ್ಟ ಇಲ್ಲೇ ಇರುವುದು. ಹೊಟ್ಟೆಪಾಡು ಮುಂಬಯಿಯಲ್ಲಿ, ರೇಷನ್ ಕಾರ್ಡು ಊರಿನ ಟ್ರಂಕಿನಲ್ಲಿ. ಕಾಯಿಲೆ ಬಿದ್ದ ಮೇಲೆ ಓಡಾಡುವ ಬದಲು, ಈಗ ವಾಸವಿರುವ ತಾಲೂಕಿನಲ್ಲೇ ಆದಾಯ ಪ್ರಮಾಣಪತ್ರ ಮಾಡಿಸಿಡಲು ಸಂಘಗಳು ವರ್ಷಕ್ಕೊಮ್ಮೆ ಶಿಬಿರ ನಡೆಸಬಹುದು. ರಾಜ್ಯೋತ್ಸವದ ಶಾಮಿಯಾನದ ಒಂದು ಮೂಲೆಯಲ್ಲಿ ನಾಲ್ಕು ಕುರ್ಚಿ ಹಾಕಿದರೂ ಸಾಕು, ಸನ್ಮಾನದ ಶಾಲು ಒಂದೆರಡು ಕಡಿಮೆಯಾಗಬಹುದಷ್ಟೆ!

ಬಾಯಿಮಾತಿನ ಬೇಡಿಕೆಗೆ ‘ಬೆಡ್ ಖಾಲಿ ಇಲ್ಲ’ ಎಂಬ ಬಾಯಿಮಾತಿನ ಉತ್ತರವೇ ಬರುತ್ತದೆ. ಆದ್ದರಿಂದ ಅರ್ಜಿ ಬರೆಯಿರಿ. ಮರಾಠಿ, ಹಿಂದಿ, ಇಂಗ್ಲಿಷ್ ಯಾವುದಾದರೂ ಆದೀತು. ಸಾರ ಇಷ್ಟಿದ್ದರೆ ಸಾಕು:

“ನಮ್ಮ ರೋಗಿ ಇಂಥವರು, ಇಂಥ ಕಾಯಿಲೆಗೆ ನಿಮ್ಮಲ್ಲಿ ದಾಖಲಾಗಬೇಕಿದೆ. ಕುಟುಂಬದ ವಾರ್ಷಿಕ ವರಮಾನ ಇಷ್ಟು, ದಾಖಲೆ ಲಗತ್ತಿಸಿದೆ. 41ಎಎ ಕಲಂ ಮತ್ತು ಹೈಕೋರ್ಟ್ ಮಂಜೂರು ಮಾಡಿದ ಯೋಜನೆಯಂತೆ ಇವರನ್ನು ಬಡರೋಗಿ ವರ್ಗದಲ್ಲಿ ಸೇರಿಸಿಕೊಳ್ಳಬೇಕು. ಹಾಸಿಗೆ ಖಾಲಿ ಇಲ್ಲವಾದರೆ ಅದನ್ನು ಬರಹದಲ್ಲಿ ತಿಳಿಸಬೇಕು.”

ಕೊನೆಯ ವಾಕ್ಯವೇ ಅರ್ಜಿಯ ಜೀವ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸ್ವೀಕೃತಿಯ ಮೊಹರು, ತಾರೀಖು, ಸಹಿ ಹಾಕಿಸಿಕೊಳ್ಳಿ. ‘ಇಲ್ಲ’ ಎಂದು ಸಹಿ ಮಾಡಿ ಕೊಡಬೇಕಾಗಿ ಬಂದಾಗ ಎಷ್ಟೋ ಕಡೆ ಮತ್ತೊಮ್ಮೆ ರಿಜಿಸ್ಟರ್ ನೋಡುತ್ತಾರೆ. ಅಲ್ಲೂ ಆಗದಿದ್ದರೆ ದೂರು ಹೋಗಬೇಕಾದದ್ದು ಧರ್ಮಾದಾಯ ಆಯುಕ್ತರಿಗೆ. ಈ ಯೋಜನೆಯ ಮೇಲ್ವಿಚಾರಣೆ ಅವರ ಇಲಾಖೆಯದೇ.

ಜೀವ ಹೋಗುವ ಸ್ಥಿತಿಯಲ್ಲಿ ಈ ಯಾವ ಕಾಗದವೂ ಮೊದಲು ಬೇಕಿಲ್ಲ. ತುರ್ತು ರೋಗಿಯನ್ನು ಡಿಪಾಸಿಟ್ ಕೇಳದೆ ಸೇರಿಸಿಕೊಂಡು, ಸ್ಥಿತಿ ಸುಧಾರಿಸುವವರೆಗೆ ಚಿಕಿತ್ಸೆ ಕೊಡಬೇಕೆಂದು ಯೋಜನೆಯಲ್ಲೇ ಇದೆ. ಇದರ ಬೇರು ಸುಪ್ರೀಂ ಕೋರ್ಟಿನ ಎರಡು ತೀರ್ಪುಗಳಲ್ಲಿದೆ, ಅವು ದೇಶಕ್ಕೆಲ್ಲ ಅನ್ವಯಿಸುತ್ತವೆ. 1989ರ ಪರಮಾನಂದ ಕಟಾರ ಪ್ರಕರಣದಲ್ಲಿ, ಸರ್ಕಾರಿಯಾಗಲಿ ಖಾಸಗಿಯಾಗಲಿ, ಪೊಲೀಸ್ ಕೇಸಿನ ನೆಪ ಹೇಳದೆ ಜೀವ ಉಳಿಸುವುದು ಪ್ರತಿ ವೈದ್ಯರ ಕರ್ತವ್ಯ ಎಂದು ಕೋರ್ಟು ಹೇಳಿತು. ಎರಡನೆಯದು ಪಶ್ಚಿಮ ಬಂಗಾಳದ ಕೃಷಿ ಕೂಲಿಕಾರ ಹಕೀಮ್ ಶೇಖ್ ಅವರದು. 1992ರ ಜುಲೈನಲ್ಲಿ ಮಥುರಾಪುರ ನಿಲ್ದಾಣದಲ್ಲಿ ರೈಲಿನಿಂದ ಬಿದ್ದು ಅವರ ತಲೆಗೆ ಪೆಟ್ಟಾಯಿತು. ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಹಾಸಿಗೆ ಇಲ್ಲ, ಇನ್ನೊಂದರಲ್ಲಿ ಸೌಲಭ್ಯ ಇಲ್ಲ. ಒಂದರಿಂದ ಒಂದಕ್ಕೆ ಅಲೆದು ಕೊನೆಗೆ ಖಾಸಗಿ ಆಸ್ಪತ್ರೆ ಸೇರಿ ಸುಮಾರು 17 ಸಾವಿರ ರೂಪಾಯಿ ಖರ್ಚು ಮಾಡಿದರು. 1996ರಲ್ಲಿ ಕೋರ್ಟು ಇದನ್ನು ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಉಲ್ಲಂಘನೆ ಎಂದು ಹೇಳಿ 25 ಸಾವಿರ ರೂಪಾಯಿ ಪರಿಹಾರ ಕೊಡಿಸಿತು. ಹಣದ ಅಭಾವವನ್ನು ಸರ್ಕಾರ ನೆಪವಾಗಿ ಹೇಳುವಂತಿಲ್ಲ ಎಂಬ ಮಾತು ಬಂದದ್ದು ಈ ಕೂಲಿಕಾರನ ಕೇಸಿನಲ್ಲಿ.

ದಿಲ್ಲಿಯಲ್ಲಿ ಉಚಿತ ಚಿಕಿತ್ಸೆಯ ಪ್ರಮಾಣ ಬೇರೆ. ರಿಯಾಯಿತಿ ದರದ ಸರ್ಕಾರಿ ಜಾಗದಲ್ಲಿ ಕಟ್ಟಿದ ಆಸ್ಪತ್ರೆಗಳು ಶೇ. 10 ಒಳರೋಗಿಗಳಿಗೂ ಶೇ. 25 ಹೊರರೋಗಿಗಳಿಗೂ ಉಚಿತ ಚಿಕಿತ್ಸೆ ಕೊಡಬೇಕು. 2018ರಲ್ಲಿ ಸುಪ್ರೀಂ ಕೋರ್ಟು ಇದನ್ನು ಎತ್ತಿಹಿಡಿಯಿತು.

ಕರ್ನಾಟಕದಲ್ಲಿ ಎಲ್ಲ ಟ್ರಸ್ಟ್ ಆಸ್ಪತ್ರೆಗಳಿಗೂ ಅನ್ವಯಿಸುವ ಇಂಥ ಹಾಸಿಗೆ ಲೆಕ್ಕ ಇಲ್ಲ. ಇರಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಇಲ್ಲಿ ಸ್ವಯಂಸೇವಕರು ಮೊದಲು ನೋಡಬೇಕಾದದ್ದು ‘ವಿಮೆ ಇಲ್ಲ’ ಎನ್ನುವ ಕುಟುಂಬಕ್ಕೆ ನಿಜವಾಗಿಯೂ ಏನೂ ಇಲ್ಲವೇ ಎಂಬುದನ್ನು. ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೂ ಪ್ಯಾಕೇಜ್ ದರದ ಶೇ. 30ರಷ್ಟು, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ ಸಿಗುತ್ತದೆ, ಇದು ಬಹಳ ಜನಕ್ಕೆ ಗೊತ್ತಿಲ್ಲ. ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವ ಮುನ್ನ ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕು, ತುರ್ತು ಇದ್ದರೆ ಬೇಡ. ರೆಫರಲ್ ಇಲ್ಲದೆ ಸೇರಿ ಆಮೇಲೆ ಒದ್ದಾಡುವುದೇ ಹೆಚ್ಚು. ಮಾಹಿತಿಗೆ 104ಕ್ಕೆ ಕರೆ ಮಾಡಬಹುದು.

ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಬಾಕಿ ಬಿಲ್ಲಿನ ಕಾರಣಕ್ಕೆ ಆಸ್ಪತ್ರೆಗಳು ಶವವನ್ನು ಇಟ್ಟುಕೊಳ್ಳುವಂತಿಲ್ಲ. ದೂರು ಕೇಳಲು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರ ಇದೆ, ಜಿಲ್ಲಾ ಆರೋಗ್ಯಾಧಿಕಾರಿ ಅದರ ಕಾರ್ಯದರ್ಶಿ. ಶವಾಗಾರದ ಬಾಗಿಲಲ್ಲಿ ಗಲಾಟೆ ಮಾಡುವುದಕ್ಕಿಂತ ಆರೋಗ್ಯಾಧಿಕಾರಿಯ ಕಚೇರಿಗೆ ಒಂದು ಫೋನು, ಹಿಂದೆಯೇ ಒಂದು ಲಿಖಿತ ದೂರು ಹೆಚ್ಚು ಕೆಲಸ ಮಾಡುತ್ತದೆ.

ಪುಕ್ಕಟೆ ಚಿಕಿತ್ಸೆ ತೆಗೆದುಕೊಂಡವರು ತಪ್ಪು ನಡೆದರೂ ಕೇಳುವಂತಿಲ್ಲ ಎಂಬ ನಂಬಿಕೆ ಹಳ್ಳಿಪಟ್ಟಣಗಳಲ್ಲೆಲ್ಲ ಇದೆ. ಅದು ತಪ್ಪು. 1995ರ ವಿ.ಪಿ. ಶಾಂತಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ನೋಡುವ ಆಸ್ಪತ್ರೆಯಲ್ಲಿ ಉಚಿತ ರೋಗಿಯೂ ಗ್ರಾಹಕನೇ ಎಂದಿತು. ಅವನೂ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಎಲ್ಲರಿಗೂ ಪೂರ್ತಿ ಉಚಿತವಾಗಿ ನೋಡುವ ಆಸ್ಪತ್ರೆಗಳು ಮಾತ್ರ ಇದರಿಂದ ಹೊರಗೆ. ಕೋರ್ಟು ಬೇಡ ಎನ್ನುವವರಿಗೆ ಖಾಯಂ ಲೋಕ ಅದಾಲತ್ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಆಸ್ಪತ್ರೆಯ ಸೇವೆಯನ್ನು ಸಾರ್ವಜನಿಕ ಉಪಯುಕ್ತ ಸೇವೆಗಳ ಪಟ್ಟಿಯಲ್ಲೇ ಇಟ್ಟಿದೆ. ಅರ್ಜಿ ಬರೆಯಲು ತಾಲೂಕು ಕಾನೂನು ಸೇವಾ ಸಮಿತಿಯ ಪ್ಯಾರಾ ಲೀಗಲ್ ಸ್ವಯಂಸೇವಕರು ಸಹಾಯ ಮಾಡುತ್ತಾರೆ. 15100 ಉಚಿತ ಸಹಾಯವಾಣಿ.

ಇನ್ನು ಸ್ವಯಂಸೇವಕರ ಸ್ವಂತ ಎಚ್ಚರ. ರಸ್ತೆ ಅಪಘಾತದ ಗಾಯಾಳುವನ್ನು ಆಸ್ಪತ್ರೆಗೆ ತಂದವರನ್ನು ಸಾಕ್ಷಿ ಹೇಳಲೇಬೇಕೆಂದು ಪೊಲೀಸರು ಬಲವಂತ ಮಾಡುವಂತಿಲ್ಲ. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ಸೇರಿದ 134ಎ ಕಲಂ ಅವರಿಗೆ ರಕ್ಷಣೆ ಕೊಡುತ್ತದೆ. ಆಪರೇಷನ್ನಿನ ಒಪ್ಪಿಗೆ ಪತ್ರಕ್ಕೆ ನೀವು ಸಹಿ ಹಾಕಬೇಡಿ, ಅದು ರೋಗಿಯದು ಅಥವಾ ಹತ್ತಿರದ ಬಂಧುಗಳದು. ರೋಗಿಯ ಫೋಟೊ, ರಿಪೋರ್ಟು ವಾಟ್ಸ್ಆ್ಯಪ್ ಗುಂಪಿಗೆ ಹಾಕುವ ಮುನ್ನ ಅವರನ್ನು ಕೇಳಿ. ಚಂದಾ ಎತ್ತಿದರೆ ಹಣ ನಿಮ್ಮ ಖಾತೆಗೆ ಬರದೆ ನೇರವಾಗಿ ಆಸ್ಪತ್ರೆಯ ಖಾತೆಗೆ, ರೋಗಿಯ ದಾಖಲಾತಿ ಸಂಖ್ಯೆಗೆ ಹೋಗಲಿ. ರಕ್ತ ಹೊಂದಿಸುವಾಗ ಯಾರಾದರೂ ‘ದಾನಿಗೆ ಇಷ್ಟು ಕೊಡಬೇಕು’ ಎಂದರೆ ಅಲ್ಲಿಂದ ಹೊರಡಿ. ದುಡ್ಡಿಗೆ ರಕ್ತ ಕೊಡುವುದು ನಮ್ಮ ದೇಶದಲ್ಲಿ 1998ರ ಜನವರಿ 1ರಿಂದಲೇ ನಿಷಿದ್ಧ. ರಕ್ತನಿಧಿ ಕೇಳಬಹುದಾದದ್ದು ಪರೀಕ್ಷೆ ಮತ್ತು ಸಂಸ್ಕರಣೆಯ ಶುಲ್ಕ ಮಾತ್ರ, ಅದಕ್ಕೂ ರಸೀದಿ ಪಡೆಯಿರಿ.